ಪಕ್ಕೀರಪ್ಪನ ಸುತ್ತಿಗೆಯ ಸದ್ದು

ಈ ಭಾಷಣವನ್ನು ಬರೆದೇ ತರಬೇಕೆಂದು ನನ್ನ ಜೀವ ತಿಂದವನು ನಮ್ಮ ಕಾರ್ಯದರ್ಶಿ ಹಾಲೇಶ್. ಹೋದ ವರ್ಷ ಕಾಗದವಿಲ್ಲದೆ ಮಾತಾಡಿ ಇಬ್ಬರನ್ನು ಬೈದಿದ್ದೆನಂತೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವನ ಕೈಗೆ ಪೆನ್ನು ಕೊಟ್ಟರೆ ಬೈಗುಳ ಕಡಿಮೆಯಾಗುತ್ತದೆಯೇ? ಇರಲಿ. ಮಾನ್ಯ ಅಧ್ಯಕ್ಷರೇ, ನಮ್ಮ ಕಿವಿ ತಪಾಸಣೆಗೆ ಬಂದಿರುವ ಡಾಕ್ಟರಮ್ಮ ಶೈಲಶ್ರೀಯವರೇ, ಹೊಸಪೇಟೆ ಲಾರಿ ಟಿಂಕರಿಂಗ್ ಸಂಘದ ಸಭಿಕರೇ, ಮೂರನೇ ಸಾಲಿನಲ್ಲಿ ಮುಖ ತಿರುಗಿಸಿ ಕುಳಿತಿರುವ ಪಕ್ಕೀರಪ್ಪನೇ,

ಅದಿರು ಲಾರಿಗಳು ಹೆಚ್ಚಿದ ಮೇಲೆ ನಮಗೆ ಉಣ್ಣಲೂ ಬಿಡುವಿಲ್ಲ. ಸಂಡೂರಿನ ಗುಡ್ಡದಿಂದ ಇಳಿಯುವ ಲಾರಿಗೆ ನೆಟ್ಟಗಿನ ಮಡ್ಗಾರ್ಡ್ ಇದ್ದದ್ದನ್ನು ಯಾರಾದರೂ ಕಂಡಿದ್ದೀರಾ? ಪಕ್ಕೀರಪ್ಪನೂ ನಾನೂ ಒಂದೇ ಗೋಡೆಯ ಆಚೆ ಈಚೆ ಇಪ್ಪತ್ತೆರಡು ವರ್ಷ ತಗಡು ಬಡಿದವರು. ಅವನ ಸುತ್ತಿಗೆ ನನಗೆ ತಲೆ ಒಡೆಯುವಷ್ಟು ಜೋರು. "ಲೇ, ಮೆಲ್ಲಗ ಬಡಿಯಲೇ" ಎಂದರೆ, "ಉಜ್ಜಿನಪ್ಪಣ್ಣ, ನಿಂದೇ ಭಾಳ ಜೋರೈತಿ, ನನ್ನ ಹಲ್ಲು ಅಳ್ಳಾಡಾಕ ಹತ್ಯಾವು" ಎನ್ನುತ್ತಿದ್ದ. ಬೇಕೆಂದೇ ಬಡಿಯುತ್ತಾನೆಂದು ಯುಗಾದಿಗೆ ಮೊದಲು ಈ ಸಂಘಕ್ಕೆ ಅರ್ಜಿ ಬರೆಸಿ ಕೊಟ್ಟೆ. ಅವನು ಶೆಡ್ಡಿಗೆ ಬೀಗ ಹಾಕಿ ಗಾದಿಗನೂರಿಗೆ ಹೋದ.

ಹೋದ ತಿಂಗಳು ನನ್ನ ಹೆಂಡತಿ ಉಚ್ಚೆಂಗಮ್ಮ ಬುತ್ತಿ ತಂದು ಮೂರು ಸಲ ಕರೆದಳಂತೆ. ನನಗೆ ಕೇಳಲಿಲ್ಲ. ಸಿಟ್ಟಿಗೆದ್ದು ಸುತ್ತಿಗೆ ಕಸಿದುಕೊಂಡು ಮಡ್ಗಾರ್ಡಿಗೆ ಒಂದು ಬಿಟ್ಟಳು ನೋಡಿ, ನಾನು ಸ್ಟೂಲಿನಿಂದ ಕೆಳಗೆ. ಅದೇ ಸುತ್ತಿಗೆ, ಅದೇ ತಗಡು, ಸದ್ದು ಮಾತ್ರ ಪಕ್ಕೀರಪ್ಪನದು. ಇಸಿದುಕೊಂಡು ನಾನು ಹೊಡೆದೆ. ಅವಳು ಹಾರಿದಳು, ನನಗೆ ಏನೂ ಇಲ್ಲ. ಅವಳು, ನಾನು, ಮತ್ತೆ ಅವಳು, ಮತ್ತೆ ನಾನು. ಜಗಳ ಬಿಡಿಸಲು ಓಡಿ ಬಂದವರಿಗೆ ಹೊಟ್ಟೆ ಹಿಡಿದು ನಗುವ ಮುದುಕ ಮುದುಕಿ ಸಿಕ್ಕರು.

"ಬಡಿಬ್ಯಾಡ, ಬರೇ ಎತ್ತಿ ಹಿಡಿ" ಎಂದಳು. ಈಗ ಬಡಿಯುತ್ತೇನೆ ಎನ್ನುವಂತೆ ಎತ್ತಿದೆ. ಅವಳು ಬುತ್ತಿಯ ಮುಚ್ಚಳಕ್ಕೆ ಸೌಟಿನಿಂದ ತಟ್ಟಿದಳು. ದೂರದಲ್ಲೆಲ್ಲೋ ತಟ್ಟಿದ ಹಾಗಿತ್ತು. ಕೈ ಇಳಿಸಿದೆ, ಅವಳು ಮತ್ತೆ ತಟ್ಟಿದಳು, ಪಕ್ಕದಲ್ಲೇ ಠಣ್ ಎಂದಿತು.

ಇವತ್ತು ಬೆಳಗ್ಗೆ ಡಾಕ್ಟರಮ್ಮನವರನ್ನು ಕೇಳಿದೆ. "ಕೈ ಏಳೂಕಿಂತ ಮೊದಲೇ ಮಿದುಳು ಕಿವಿಗೂ ಸುದ್ದಿ ಕಳಿಸ್ತೈತ್ರಿ ಅಜ್ಜಾರ, ಬರೋ ಸದ್ದು ನಮ್ಮದೇ ಅಂತ. ಮಂದಿ ಬಡಿದ್ರ ಆ ಸುದ್ದಿ ಇರಂಗಿಲ್ಲ. ಆದ್ರ ಕಿವಿ ಕೆಡೂದು ಎರಡಕ್ಕೂ ಕೆಡತೈತಿ, ಇಯರ್‌ಪ್ಲಗ್ ಇಟ್ಕೋರಿ" ಎಂದರು.

ಅಂದರೆ ಏನಾಯಿತು ಸಭಿಕರೇ? ಅವನು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಬೇಕೆಂದೇ ಬಡಿಯುತ್ತಾನೆಂಬ ನನ್ನ ಅರ್ಜಿ ಸುಳ್ಳು. ಅಧ್ಯಕ್ಷರೇ, ಅದನ್ನು ಹರಿದುಹಾಕಿ.

ಪಕ್ಕೀರಪ್ಪನ ಖಾಲಿ ಶೆಡ್ ಬಾಡಿಗೆಗೆ ಕೊಡಿಸೆಂದು ನನ್ನ ಬಳಿ ಮೂವರು ಬಂದರು, ಮೂವರನ್ನೂ ಬೈದು ಕಳಿಸಿದೆ. ಗೋಡೆಯ ಆಚೆ ಅವನ ಸದ್ದಿಲ್ಲದೆ ನನಗೆ ಕೆಲಸ ಹತ್ತುತ್ತಿಲ್ಲ. ಈ ಸಾಲನ್ನು ಹೊಡೆದುಹಾಕಿದ್ದೆ, ಓದಿಬಿಟ್ಟೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಉಪಕಾರ, ನಮಸ್ಕಾರ. ಪಕ್ಕೀರಪ್ಪ, ಗಾದಿಗನೂರು ಬಿಟ್ಟು ಬರುತ್ತೀಯೋ ಇಲ್ಲವೋ, ಇದೇ ಹದಿನೈದನೇ ತಾರೀಖಿನೊಳಗೆ ಹೇಳು.