ಸವೆದ ಎರಡು ಕೀಗಳು

ಹ್ಯಾಲಿಫ್ಯಾಕ್ಸಿನ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಅರವತ್ತರ ಆಸುಪಾಸಿನ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕಂಕುಳಲ್ಲಿ ಟವಲು ಸುತ್ತಿದ, ಕೀಬೋರ್ಡಿನಷ್ಟೇ ಗಾತ್ರದ ಹಳೇ ಕಾಲದ ಕಂಪ್ಯೂಟರೊಂದಿತ್ತು. ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಎಷ್ಟು ಸಲ ಗಡಿಯಾರ ನೋಡ್ತೀಯೋ ಕ್ಲೈವ್? ಸುಮ್ನೆ ನಿಂತ್ಕೋ."

"ಅಪ್ಪ ಆಸ್ಪತ್ರೆಯಿಂದ ಮನೆಗೆ ಬರೋದ್ರೊಳಗೆ ಇದು ಮೇಜಿನ ಮೇಲಿರ್ಬೇಕು, ನೋರೀನ್. ಕಣ್ಣು ಬಿಟ್ಟವನು ಮೊದಲು ಕೇಳಿದ್ದೇ ಇದನ್ನ."

"ರಿಪೇರಿ ಆಯ್ತಲ್ವಾ?"

"ಆಯ್ತು. ಕೆಟ್ಟಿದ್ದು ಜೆಡ್ಡು, ಎಕ್ಸು ಎರಡೇ ಕೀ. ಕೀ ಒಳಗಿನ ಕಡ್ಡಿ ಸವೆದು, ಒತ್ತಿದ್ರೆ ಮೇಲೇಳ್ತಿರ್ಲಿಲ್ಲ. ಈಗ ಅದೆಲ್ಲಿ ಸಿಗತ್ತೆ? ಯಾರೂ ಮುಟ್ಟದ ಮೂಲೆ ಕೀಗಳದ್ದು ಕಿತ್ತು ಹಾಕ್ದೆ."

"ಜೆಡ್ಡು ಎಡಕ್ಕೆ, ಎಕ್ಸು ಬಲಕ್ಕೆ. ಆಟ ಆಡಿ ಆಡಿ ನೀನೇ ಹಾಳ್ಮಾಡಿದ್ದು. ಅಪ್ಪ ಈಗ್ಲೂ ಬೈತಾನೆ."

"ನಾನು ಮನೆ ಬಿಟ್ಟ ವಾರ ಎರಡಕ್ಕೂ ಹೊಸ ಕಡ್ಡಿ ಹಾಕಿಟ್ಟು ಹೋಗಿದ್ದೆ ಕಣೇ. ಮೂವತ್ತೆಂಟು ವರ್ಷ ಆಯ್ತು. ಮತ್ತೆ ಸವೆದಿದ್ದು ಹೇಗೆ?"

"ನನ್ನನ್ಯಾಕೆ ನೋಡ್ತೀಯ? ಆಗ್ಲೇ ಮದುವೆಯಾಗಿ ಲೀಡ್ಸಲ್ಲಿದ್ದೆ."

"ಅಮ್ಮ ಅದರ ಧೂಳು ಕೂಡ ಒರೆಸ್ತಿರ್ಲಿಲ್ಲ."

ನೋರೀನ್ ಟವಲಿನ ತುದಿ ಸರಿಸಿ ಆ ಎರಡು ಕೀಗಳನ್ನು ನೋಡಿದಳು.

"ಮಕ್ಕಳು ಕೆಡ್ತಾರೆ ಅಂತ ಅಪ್ಪ ಆಟದ ಕ್ಯಾಸೆಟ್ಟೆಲ್ಲ ಬೀರುವಲ್ಲಿಟ್ಟು ಬೀಗ ಹಾಕಿದ್ನಲ್ಲೋ?"

"ಬೀಗದಕೈ ಯಾರ ಜೇಬಲ್ಲಿತ್ತು?"

ಬಸ್ಸು ಬಂತು. ಅವಳು ತಮ್ಮನ ತೋಳು ಹಿಡಿದಳು.

"ಎಂಬತ್ತೇಳು ವರ್ಷದ ಮುದುಕ ಕಣೋ. ಇವತ್ತು ಜಗಳ ತೆಗೀಬೇಡ."

ಕ್ಲೈವ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ಜಗಳ ಯಾಕೆ? ಇದನ್ನ ಎದುರಿಗಿಟ್ಟು ಒಂದೇ ಮಾತು ಕೇಳ್ತೀನಿ. ಅತಿ ಹೆಚ್ಚು ಅಂದ್ರೆ ಎಷ್ಟು ಪಾಯಿಂಟ್ ಹೊಡ್ದಿದೀಯಪ್ಪಾ ಅಂತ."