ಐದನೇ ಮೊಳೆ

...ನೋಡಿ, ಮತ್ತೆ ಬಡಿದ್ರಿ. ಏಟು ಬೀಳೋಕೆ ಒಂದು ಕ್ಷಣ ಮುಂಚೆ, ಬೆರಳ ಗೆಣ್ಣಿನಿಂದ ಕುರ್ಚಿಯ ಕೈ ಮೇಲೆ, ಟಕ್. ಒಂದ್ಸಲವೂ ತಪ್ಪಲ್ಲ ಅಪ್ಪ ನೀವು. ಬಡಗಿ ಕೈ ಅಲ್ವಾ. ಕಣ್ಣು ಹೋಗಿ ಆರು ವರ್ಷವಾಯ್ತು, ಆದ್ರೂ ಯಾವನಿಗೆ ಯಾವಾಗ ಬೀಳತ್ತೆ ಅನ್ನೋದು ಈ ಲ್ಯಾಪ್‌ಟಾಪಿಗಿಂತ ಮೊದಲು ನಿಮ್ಮ ಬೆರಳಿಗೆ ಗೊತ್ತು. ಭಾನುವಾರ ಬಂದ್ರೆ ಸಾಕು, ಈ ಸಿನಿಮಾದ ಸಿ.ಡಿ. ಹಾಕ್ಕೊಂಡು ಕೂರ್ತಿದ್ರಲ್ಲ, ಆಗಲೂ ಇದೇ. ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ಕೇಳಿಸಿಕೊಳ್ತಿದ್ದೆ. ಮೊದಲು ನಿಮ್ಮ ಟಕ್, ಆಮೇಲೆ ಯಾರೋ ನರಳೋ ದನಿ. ಈಚೆಗೆ ಬಂದು ನಿಮ್ಮ ಪಕ್ಕ ಕೂತವಳೇ ಅಲ್ಲ. ಚಿಕ್ಕವಳಿದ್ದಾಗ ನಿಮ್ಮ ಜೊತೆ ಟಾಕೀಸಲ್ಲಿ ನೋಡಿದ್ದು, ಬಿಟ್ರೆ ಇವತ್ತೇ.

ಹೂಂ, ಹೇಳ್ತೀನಿ, ಹೇಳ್ತೀನಿ. ಮೊಣಕೈ ಚುಚ್ಚಬೇಡಿ. ಈಗ ಹೀರೋ ಸುಟ್ಟ ಬಾಗಿಲ ಹತ್ತಿರ ಕೂತಿದ್ದಾನೆ. ಮನೆ ಸುಟ್ಟೋರು ಐದು ಜನ, ಬಾಗಿಲಿಂದ ಕಿತ್ತಿದ್ದು ಐದು ಮೊಳೆ, ಒಬ್ಬೊಬ್ಬನಿಗೆ ಒಂದೊಂದು. ಮೂರು ಖರ್ಚಾಯ್ತು. ರಕ್ತ... ಅಪ್ಪ, ಈಗ ನೋಡಿದ್ರೆ ಅದು ಗೇಟಿಗೆ ಹೊಡೆಯೋ ಬಣ್ಣ. ಮೂರನೆಯವನ ಮೀಸೆ ಒಂದು ಕಡೆ ಅಂಟು ಬಿಟ್ಟಿದೆ. ಸಾಯೋ ಹೊತ್ತಲ್ಲೂ ತುಟಿಯಿಂದ ಒತ್ತಿ ಹಿಡ್ಕೊಂಡಿದ್ದಾನೆ, ಪಾಪ. ನಗ್ತಿದ್ದೀರಾ? ನಗಿ. ನಿಮ್ಮ ನಗು ಕೇಳಿ ಬಹಳ ದಿನವಾಯ್ತು.

ಇಗೋ, ಇಂಟರ್ವಲ್. ಸ್ವಲ್ಪ ನಿಲ್ಲಿಸ್ತೀನಿ.

ಇಲ್ಲೇ ಅಲ್ವಾ ಅವತ್ತು ಟಾಕೀಸಲ್ಲಿ ನೀವು ಎದ್ದಿದ್ದು? "ತಲೆ ಸಿಡೀತಿದೆ, ನಡಿ ಮನೆಗೆ" ಅಂದ್ರಿ. ನನಗೆ ಒಂಬತ್ತು ವರ್ಷ. ನಿಮ್ಮ ಅಂಗಿ ತುದಿ ಹಿಡ್ಕೊಂಡು ನೆಲಕ್ಕೆ ಕೂತು ಅತ್ತಿದ್ದೇ ಅತ್ತಿದ್ದು. ಟಿಕೆಟ್ ಹರಿಯೋನು ನನ್ನ ಮುಖಕ್ಕೆ ಟಾರ್ಚ್ ಬಿಟ್ಟು, "ಇಷ್ಟುದ್ದದ ಹುಡುಗಿಗೆ ಕೊಲೆ ನೋಡೋ ಚಪಲ ನೋಡಿ ಸ್ವಾಮಿ" ಅಂದ. ಅಲ್ಲಿಂದ ನಾನು ಇಡೀ ಬೀದಿಗೆ ಕೊಲೆಪುಟ್ಟಿ. ಅತ್ತೆ ಇವತ್ತಿಗೂ ಫೋನ್ ಮಾಡಿದ್ರೆ, "ಹೇಗಿದ್ದಾಳೆ ನಮ್ಮ ಕೊಲೆಪುಟ್ಟಿ" ಅಂತಾನೇ ಶುರು ಮಾಡೋದು.

ನನಗೆ ಇಷ್ಟವೇ ಇರಲಿಲ್ಲ ಅಪ್ಪ ಈ ಸಿನಿಮಾ. ಕಣ್ಣು ಮುಚ್ಕೊಂಡೇ ಕೂತಿದ್ದೆ. ಸದ್ದು ಮಾತ್ರ ಬರ್ತಿತ್ತು, ಅದೂ ಸುಳ್ಳು ಅಂತ ಗೊತ್ತಿತ್ತು. ನಿಜವಾದ ಏಟು ಹಾಗೆ ಢಂ ಅನ್ನಲ್ಲ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ... ನಮ್ಮನೆ ಒಳಕೋಣೆಯಿಂದ ಕೇಳ್ತಿತ್ತಲ್ಲ, ಅಮ್ಮ ಉಸಿರೆತ್ತದೆ... ಬಿಡಿ. ಇವತ್ತು ಅದನ್ನ ಹೇಳೋಕೆ ಕೂತಿದ್ದಲ್ಲ ನಾನು. ಮುಖ ತಿರುಗಿಸಬೇಡಿ.

ಚಿಕ್ಕಪ್ಪನ ವಿಷಯ.

ನೋಡಿ, ಹೆಸರೆತ್ತಿದ ಕೂಡಲೇ ದವಡೆ ಬಿಗಿದು ಬಂತು. ಮಂಗಳವಾರ ಆಸ್ಪತ್ರೆಗೆ ಹೋಗಿದ್ದೆ. ಹೌದು, ನಿಮಗೆ ಹೇಳದೆ. ಕಿಟಕಿ ಪಕ್ಕದ ಮಂಚ, ಮೂಗಿಗೆ ಪೈಪು. ಇನ್ನೊಂದು ವಾರ ಎಳೆದ್ರೆ ಹೆಚ್ಚು ಅಂದ್ರು ನರ್ಸಮ್ಮ. ಬಲಗೈಯ ಮೂರು ಬೆರಳು ಇವತ್ತಿಗೂ ಮಡಚಿಕೊಂಡೇ ಇವೆ. ಗಡಿಯಾರ ರಿಪೇರಿ ಮಾಡೋರಿಗೆ ಬೆರಳು ಹೋದ್ರೆ ಇನ್ನೇನುಳೀತು ಅಪ್ಪ? ಕಣ್ಣಿಗೆ ಸಿಕ್ಕಿಸಿಕೊಳ್ಳೋ ಆ ಪುಟ್ಟ ಭೂತಗನ್ನಡಿ ಇನ್ನೂ ದಿಂಬಿನ ಕೆಳಗಿಟ್ಟುಕೊಂಡಿದ್ದಾರೆ. ಯಾವ ಗಡಿಯಾರ ನೋಡೋಕೋ. ನನ್ನ ಕೈ ಹಿಡ್ಕೊಂಡು ಒಂದೇ ಮಾತು ಅಂದ್ರು. "ಅಣ್ಣ ಒಂದ್ಸಲ 'ನೀನಲ್ಲ' ಅಂದುಬಿಡಲಿ ಪುಟ್ಟಿ, ಸಾಕು."

ಸಿನಿಮಾ ಪೂರ್ತಿ ನೋಡಿ ಮನೆಗೆ ಬಂದ್ವಿ ಅವತ್ತು. ಬಾಗಿಲು ತೆರೆದಿತ್ತು. ಅಮ್ಮ ಇಲ್ಲ, ಅಮ್ಮನ ಪೆಟ್ಟಿಗೆ ಇಲ್ಲ. ತಟ್ಟೆ ಎರಡೇ ತೊಳೆದಿಟ್ಟಿದ್ದಳು. ನೀವು ಚಿಲಕವನ್ನೇ ನೋಡ್ತಾ ನಿಂತ್ರಿ, ಬಹಳ ಹೊತ್ತು. ಸಿನಿಮಾದಲ್ಲಿ ಐದನೇ ಮೊಳೆ ಯಾರಿಗೆ? ಒಳಗಿಂದ ಚಿಲಕ ತೆಗೆದುಕೊಟ್ಟ ಸ್ವಂತ ತಮ್ಮನಿಗೆ. ಆ ಸಂಗೀತ ನಿಮ್ಮ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. "ತಮ್ಮನೇ" ಅಂದ್ರಿ. ಅಷ್ಟೇ. ಯಾರನ್ನೂ ಏನೂ ಕೇಳಲಿಲ್ಲ. ಕೆಲಸದ ಚೀಲದಿಂದ ಸುತ್ತಿಗೆ ತಗೊಂಡು ಚಿಕ್ಕಪ್ಪನ ಅಂಗಡಿಗೆ ನಡೆದ್ರಿ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಬಾಯಿ ಬಿಡಬಹುದಿತ್ತು.

ಅಮ್ಮ ಹೋಗೋದು ಅವರಿಗೆ ಗೊತ್ತೇ ಇರಲಿಲ್ಲ ಅಪ್ಪ. ನನಗೆ ಹೇಗೆ ಗೊತ್ತು ಅಂತ ಕೇಳಿ. ಕೇಳಲ್ವಾ? ಇಪ್ಪತ್ತೆರಡು ವರ್ಷದಿಂದ ಯಾರಾದ್ರೂ ಕೇಳಲಿ ಅಂತ ಕಾದಿದ್ದೀನಿ. ಕೇಳಿಬಿಟ್ರೆ ಏನು ಗತಿ ಅಂತ ಹೆದರಿಕೊಂಡೂ ಇದ್ದೀನಿ.

ಸರಿ, ನಾನೇ ಹೇಳ್ತೀನಿ. ಅವತ್ತು ಬೆಳಿಗ್ಗೆ ಅಮ್ಮ ನನಗೆ ಜಡೆ ಹಾಕ್ತಿದ್ಲು. ಬಿಗಿಯಾಗಿ, ಎರಡು ದಿನಕ್ಕೆ ಆಗೋ ಹಾಗೆ. ಟೇಪು ಕಟ್ಟಿ ಮುಗಿಸಿ, ನನ್ನ ಕಿವಿ ಹತ್ತಿರ ಬಾಗಿ...

ಯಾಕೆ ಬಡಿದ್ರಿ?

ಅಪ್ಪ. ಸಿನಿಮಾ ನಿಲ್ಲಿಸಿದ್ದೀನಿ. ಯಾರೂ ಯಾರಿಗೂ ಹೊಡೀತಿಲ್ಲ. ನಾನಿನ್ನೂ ಹೇಳೇ ಇಲ್ಲ, ನೀವಾಗಲೇ ಟಕ್ ಅಂದ್ರಿ.

"ಸಿನಿಮಾ ಮುಗಿಯೋವರೆಗೂ ಅಪ್ಪನ್ನ ಏಳೋಕೆ ಬಿಡಬೇಡ ಮಗಳೇ" ಅಂದ್ಲು... ಇದು ನಿಮಗೆ ಗೊತ್ತಿತ್ತಾ? ಯಾವಾಗಿಂದ? ಸುತ್ತಿಗೆ ಎತ್ತೋ ಮುಂಚೆನಾ, ಆಮೇಲಾ? ಆಮೇಲೆ ಅಂತನಾದ್ರೂ ಹೇಳಿ. ಬಾಯಿ ಬೇಡ, ತಲೆಯಾದ್ರೂ ಆಡಿಸಿ.

ಐದನೇ ಮೊಳೆ ನನ್ನದು ಅಂತ ಗೊತ್ತಿದ್ದೂ, ಭಾನುವಾರ ಭಾನುವಾರ, ನಾನು ಕೊಟ್ಟ ಕಾಫಿ ಕುಡೀತಾ ಕೂತಿದ್ರಾ? ನಾನೂ ಹೊರಟುಹೋದ್ರೆ ಮನೇಲಿ ಯಾರಿರ್ತಾರೆ ಅಂತಾನಾ? ನೀವೂ ಸುಮ್ಮನಿದ್ರಿ, ನಾನೂ ಸುಮ್ಮನಿದ್ದೆ. ಇಬ್ಬರೂ ಸೇರಿ ಆ ಮನುಷ್ಯನನ್ನ...

ಇರಲಿ. ಬೈಯೋದು, ಹೊಡೆಯೋದು, ಏನಿದ್ರೂ ಆಮೇಲೆ. ಇಗೋ, ಆಸ್ಪತ್ರೆಗೆ ಫೋನ್ ಮಾಡಿದ್ದೀನಿ. ನರ್ಸಮ್ಮ ಆ ಕಡೆ ಅವರ ಕಿವಿಗೆ ಹಿಡಿದಿದ್ದಾರೆ. ಉಸಿರು ಕೇಳಿಸ್ತಿದೆಯಲ್ಲ, ಅದು ಚಿಕ್ಕಪ್ಪ. ಒಂದೇ ಮಾತು. ನೀನಲ್ಲ. ಅಷ್ಟು ಸಾಕು ಅವರಿಗೆ. ಯಾರು ಅಂತ ಹೇಳೋದೂ ಬೇಡ.

ಹೇಳಿ ಅಪ್ಪ. ಕಾಯ್ತಿದ್ದಾರೆ, ಹೇಳಿ.