ಬಿಟ್ಟುಹೋದ ಮೊದಲ ಸಾಲು

ಕಡಗಂಚಿಯ ಬಸ್ ನಿಲ್ದಾಣದಲ್ಲಿ ಶಾರದಾಬಾಯಿ ಆಳಂದದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಹುಡುಗಿಯೊಬ್ಬಳು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಜೊತೆಯ ಹುಡುಗನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಕೇಳಬಾರದೆಂದರೂ ಕಿವಿ ಅತ್ತಲೇ ಹೋಯಿತು.

“ಅಜಯ, ನಾ ನಿನಗ ನೂರಾಹನ್ನೆರಡು ಫೈಲ್ ಕೊಟ್ಟಿದ್ದೆ. ಒಬ್ಬೊಬ್ಬ ಹೆಂಗಸು ಹೇಳಿದ ಒಡಪಿಗೆ ಒಂದೊಂದು.”

“ಎಲ್ಲಾ ಪ್ರೋಗ್ರಾಮಿನ ಕಡಿಂದ ಓದಿಸಿ ಒಂದೇ ಲಿಸ್ಟಿಗೆ ಹಾಕೇನಿ ಮಧುಮತಿ. ಒಂದೂ ಬಿಟ್ಟಿಲ್ಲ.”

“ಪ್ರತಿ ಫೈಲಿನ ಮೊದಲ ಸಾಲಿನಾಗ ಒಡಪು ಹೇಳಿದಾಕಿ ಹೆಸರಿತ್ತು. ಅದೆಲ್ಲಿ?”

“ಎಲ್ಲೋ ತಪ್ಪಾಗಿರಬೇಕು.”

“ಖರೇ ಹೇಳು. ಮೊದಲ ಸಾಲು ಬಿಟ್ಟು ಓದು ಅಂತ ಪ್ರೋಗ್ರಾಮಿನಾಗ ನೀನೇ ಬರದೀದಿ. ಇಲ್ನೋಡು.”

ಹುಡುಗ ನೋಡಲಿಲ್ಲ.

“ಒಡಪು ಹಂಗೇ ಅದಾವಲ್ಲ?”

“ಅದಾವ. ಒಡಪಿನಾಗ ಅವರ ಗಂಡಂದಿರ ಹೆಸರೂ ಅದಾವ. ಹೇಳಿದವರದಷ್ಟೇ ಇಲ್ಲ.”

ಲಿಸ್ಟು ಅಂದರೇನೋ ಶಾರದಾಬಾಯಿಗೆ ತಿಳಿಯದು. ಒಡಪು ಮಾತ್ರ ಗೊತ್ತು. ಮದುವೆಯ ದಿನ ಅವಳೂ ಗಂಡನ ಹೆಸರು ಕಟ್ಟಿ ಒಡಪು ಹೇಳಿದ ಮೇಲೆಯೇ ಹೊಸ್ತಿಲು ದಾಟಿದವಳು.

“ಈ ಒಡಪೆಲ್ಲಾ ಸೇರಿಸಿ ಮಾಡಿದ ಪುಸ್ತಕದ ಮ್ಯಾಲ ಯಾರ ಹೆಸರು ಹಾಕೀದಿ, ಅಜಯ?”

“ಸಂಗ್ರಹ ಮಾಡಿದವರು ಅಂತ... ನಂದು.”

“ಬರೇ ನಿಂದು?”

ನರೋಣಾದ ಬಸ್ಸು ಬಂತು. ಮಧುಮತಿ ಲ್ಯಾಪ್‌ಟಾಪ್ ಮುಚ್ಚಿ ಎದ್ದಳು.

“ನಮ್ಮ ಆಯಿ ನಿನ್ನ ಎದುರಿಗೆ ಕೂಡಿಸಿಕೊಂಡು, ಬಿಸಿ ರೊಟ್ಟಿ ಹಾಕಿ, ಒಡಪು ಹೇಳಿದ್ಲು. ಆಕಿ ಹೆಸರಾದ್ರೂ ನೆನಪದ ಏನು?”

ಹುಡುಗ ಬಾಯಿ ತೆರೆದ. ಹೆಸರು ಬರಲಿಲ್ಲ. ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು.